ತೊಗಲಿನ ತೂತು

ಮೇಕೆ ಬದುಕಿದ್ದಾಗ ಉಣುಗು ಕಚ್ಚಿದ ಜಾಗ
ತೊಗಲು ಹದಮಾಡಿ ಚೌಕಟ್ಟಿಗೆ ಬಿಗಿದಾಗ
ಕಣ್ಣು ಬಿಡುತ್ತದೆ.
ಬರೆಯುವವನು ಹೊಲಿಯಲು ಹೋಗುವುದಿಲ್ಲ,
ಮೇಕೆಯನ್ನು ಬೈಯುವುದೂ ಇಲ್ಲ.
ಮಸಿಯ ಸಾಲು ಅಲ್ಲಿಯವರೆಗೆ ಬಂದು
ನೀರಿನಂಚಿಗೆ ಬಂದ ಎತ್ತಿನ ಹಾಗೆ ನಿಂತು
ಸುತ್ತುಬಳಸಿ ಆಚೆ ಹೋಗುತ್ತದೆ.

ತಾನಾ ಸರೋವರದ ನಡುಗಡ್ಡೆಯಲ್ಲಿ
ಮೆರಿಗೇತ ಅಯಾಲ್ನೆಹ್ ಗುರುಗಳ ಮುಂದೆ
ಕುರಿದೊಗಲು ಹೊದ್ದು, ತಿರಿದು ತಂದ ಇಂಜೆರದ ಚೂರು ಬಿಸಿಲಿಗೆ ಹರವಿ
ಹನ್ನೊಂದು ಹುಡುಗರು ಗೀಝ್ ಕಲಿಯುತ್ತಿದ್ದೆವು.
ಅವರಲ್ಲಿ ನಾನೇ ಜಾಣ.
ಇದು ಊರ ನಾಯಿಗಳಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಒಂದು ಬೆಳಗ್ಗೆ ಸನ್ಯಾಸಿಯೊಬ್ಬನ ಚರಿತ್ರೆ,
ಏರುದನಿಯಲ್ಲಿ, ಉಸಿರು ಕಟ್ಟಿ ಓದಿದೆ:
ಆತ ಬಹಳ ದಿನ ಉಪವಾಸವಿದ್ದು
ಬೆಟ್ಟ ಇಳಿದು ಬಂದು
ಸಿಂಹವನ್ನು ತಿಂದನು.

ಗುರುಗಳು ಕಿವಿ ಹಿಂಡಲಿಲ್ಲ.
ನಕ್ಕು ನಕ್ಕು ಕಣ್ಣೊರೆಸಿಕೊಂಡು ಹಾಳೆ ತಿರುವಿದರು.
ಸಿಂಹ ಪಾಪ, ಮುಂದಿನ ಹಾಳೆಯಲ್ಲಿ
ತನ್ನಷ್ಟಕ್ಕೆ ನೀರು ಕುಡಿಯುತ್ತ ನಿಂತಿತ್ತು.
‘ತೂತಿನಲ್ಲಿ ಕಾಣುವುದೂ ಅಕ್ಷರವೇ ಮಗು,
ಆದರೆ ಈ ಹಾಳೆಯದಲ್ಲ.’

ಸಿಂಹ ತಿಂದವನು ಎಂಬ ಹೆಸರು
ಗಡ್ಡ ಬರುವವರೆಗೂ ಅಂಟಿಕೊಂಡಿತ್ತು.
ಮಾತು ಮಾತ್ರ ಅಂಟಲಿಲ್ಲ.

ಪಾದ್ರಿಯಾಗಿ ತಲೆಗೆ ಬಿಳಿಯ ಸುತ್ತು ಕಟ್ಟಿದ ವರ್ಷ
ಯೇಶಾರೆಗ್ ಬಂದಳು, ಜೊಂಡಿನ ದೋಣಿಯಲ್ಲಿ, ಒಬ್ಬಳೇ.
ಹೆಣ್ಣುಕೂಸಿಗೆ ಎಂಬತ್ತನೆಯ ದಿನ ದೀಕ್ಷಾಸ್ನಾನ.
ಅವಳದು ಎಪ್ಪತ್ತೆಂಟಕ್ಕೆ ಹೋಗಿತ್ತು.
ಎರಡು ಬೆರಳು ಎತ್ತಿ ಹಿಡಿದಳು.
‘ಎರಡು ದಿನ. ಎರಡು ದಿನಕ್ಕೆ ಅವನು ಕದ ಹಾಕಿಕೊಳ್ಳುತ್ತಾನೆಯೆ?’

ನಾನು ಉತ್ತರ ಹೇಳಿದೆ.
ಏನು ಹೇಳಿದೆನೆಂದು ಇಲ್ಲಿ ಬರೆಯಲಾರೆ.
ಅದರಲ್ಲಿ ವ್ಯಾಕರಣದ ತಪ್ಪಿರಲಿಲ್ಲ.
ಮೂರು ಕಡೆಯಿಂದ ಆಧಾರವಿತ್ತು.
ಹೇಳುತ್ತ ಹೇಳುತ್ತ ನನ್ನ ದನಿ
ಆ ಬೆಳಗಿನಂತೆಯೇ ಏರಿತ್ತು.
ಎತ್ತಿದ ಬೆರಳು ಅವಳು ಇಳಿಸಿದ್ದು ಯಾವಾಗಲೋ, ನೋಡಲಿಲ್ಲ.

ಆಮೇಲೂ ಬರುತ್ತಿದ್ದಳು.
ಒಳಗೆ ಬರಳು. ಹೊರಗೋಡೆಯ ಕಲ್ಲಿಗೆ ಮುತ್ತಿಟ್ಟು
ಆಲಿವ್ ಮರದಡಿ ನಿಂತು ಹೋಗುವಳು.
ಮೂವತ್ತೊಂದು ವರ್ಷ.
ಅಷ್ಟು ದಿನ ನಾನು ಸರಿಯಾಗಿದ್ದೆ.

ಹೋದ ಉಪವಾಸದ ಕಾಲದಲ್ಲಿ, ಹಳೆಯ ಪುಸ್ತಕಗಳ ಗೆದ್ದಲು ಕೊಡವುವಾಗ
ಆ ಹಾಳೆ ಸಿಕ್ಕಿತು. ಅದೇ ತೂತು, ಅದೇ ಸಿಂಹ.
ಕಿರುಬೆರಳು ತೂರಿಸಿದೆ. ಆಚೆ ಬಂತು.
ಏನೂ ಹೊಳೆಯಲಿಲ್ಲ. ಕಾಲು ಮಾತ್ರ ದೋಣಿಯ ಕಡೆ ನಡೆಯಿತು.

ಅವಳು ಕಾಫಿ ಬೀಜ ಹುರಿಯುತ್ತಿದ್ದಳು. ಕೂದಲು ನೆರೆತಿತ್ತು.
ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಹೊಗೆಯಲ್ಲಿ ಕಲಸಿಹೋಗಿ
‘ಅವತ್ತು ನೀನು ಕೇಳಿದ್ದು, ನನಗೆ ಗೊತ್ತಿಲ್ಲ’ ಎಂದೆ,
ಹೊಸಿಲಲ್ಲಿ ನಿಂತೇ.

ಅವಳು ಬಾಣಲೆ ಕುಲುಕುತ್ತ:
‘ನಿನಗೆ ಗೊತ್ತಿಲ್ಲವೆಂದು ನನಗೆ ಅವತ್ತೇ ಗೊತ್ತಿತ್ತು.
ಬಿಸಿಲಿದೆ. ಒಳಗೆ ಬಾ.’

ಮೊದಲ ಬಟ್ಟಲು ಮಾತಿಲ್ಲದೆ ಕುಡಿದೆವು. ಎರಡನೆಯದರ ಹೊತ್ತಿಗೆ
ಅವಳ ಮೇಕೆಯ ಕಾಲುನೋವಿನ ವಿಷಯ ಬಂತು.
ಮೂರನೆಯದು, ಆಶೀರ್ವಾದದ ಬಟ್ಟಲು, ತೀರಾ ತಿಳಿ.
ಧೈರ್ಯಮಾಡಿ ಕೇಳಿದೆ: ಕೂಸನ್ನು ಏನೆಂದು ಕರೆಯುತ್ತಿದ್ದೆ?
ಅವಳು ನಕ್ಕಳೋ ಏನೋ. ಹೇಳಲಿಲ್ಲ.

ಈಗ ಸತ್ತವರ ಹೆಸರು ಓದುವಾಗ
ಒಂದು ಕಡೆ ನಿಲ್ಲುತ್ತೇನೆ,
ಉಣುಗು ಕಚ್ಚಿದಷ್ಟು ಹೊತ್ತು.
ಕಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ,
ಮುದುಕನಿಗೆ ಮರೆವು ಎಂದು.
ಒಬ್ಬ ಜಾಣ ಹುಡುಗ ಮೊನ್ನೆ
ಮುಂದಿನ ಹೆಸರನ್ನು ಮೆಲ್ಲಗೆ ಹೇಳಿಕೊಟ್ಟ.